ಕೌಂಟರಿನ ಹೆಡ್ಮಿಸ್ಸು

ಪೇಟೆಯ ನಡುಮಧ್ಯದ ಆ ಬಾರಿನಲ್ಲಿ ನನ್ನ ಅತ್ತಿಗೆ ಹದಿನೇಳು ವರ್ಷ ಕೌಂಟರ್ ನೋಡಿಕೊಂಡಳು. ಗಿರಾಕಿಗಳು ಅವಳನ್ನು ಹೆಡ್ಮಿಸ್ಸು ಎನ್ನುತ್ತಿದ್ದರು. ಎದುರಿಗೇ ಹಾಗೆನ್ನುವ ಧೈರ್ಯ ಎರಡನೆಯ ಮಗ್ಗಿನ ನಂತರ ಬರುತ್ತಿತ್ತು. ಅವಳು ಒಮ್ಮೆ ತಿರುಗಿ ನೋಡಿದರೆ ಇಳಿದೂ ಹೋಗುತ್ತಿತ್ತು.

ಬಾರು ಹೇಳಿಕೊಳ್ಳುವಂಥದ್ದೇನಲ್ಲ. ಒಂಬತ್ತು ಮೇಜು, ಬಣ್ಣ ಎದ್ದ ಗೋಡೆ, ಸದಾ ಒದ್ದೆಯಾದ ಕಾಲೊರಸು. ಕೌಂಟರಿನ ಹಿಂದೆ ಕೊಕ್ಕೆಗಳ ಸಾಲು. ಒಂದೊಂದರಲ್ಲಿ ಒಬ್ಬೊಬ್ಬ ಖಾಯಂ ಗಿರಾಕಿಯ ದಪ್ಪ ಗಾಜಿನ ಮಗ್ಗು. ಒಳಗೆ ಯಾರು ಯಾರ ಮೇಲೆ ಕೈ ಎತ್ತಿದರೂ ಅತ್ತಿಗೆ ಅವರ ಮಗ್ಗನ್ನು ಅವರ ಕೈಗೇ ಕೊಟ್ಟು, “ಒಂದು ವರ್ಷ” ಎನ್ನುತ್ತಿದ್ದಳು. ವರ್ಷ ತುಂಬುವವರೆಗೆ ಅವರು ಹೊಸ್ತಿಲು ತುಳಿಯುವಂತಿರಲಿಲ್ಲ. ಇಬ್ಬರು ಲಾರಿ ಚಾಲಕರು, ಒಬ್ಬ ವಕೀಲ, ಸ್ವತಃ ಮಾಲೀಕನ ಭಾವಮೈದ, ಎಲ್ಲರೂ ಖಾಲಿ ಮಗ್ಗು ಹಿಡಿದು ಹಾಡುಹಗಲೇ ಬೀದಿಯಲ್ಲಿ ನಡೆದವರೇ. ಕುಡಿದ ಗಂಡಸರ ನಡುವೆ ಅವಳಿಗಿದ್ದ ಲಾಠಿ ಆ ನಿಯಮವೊಂದೇ. ಅದು ಒಬ್ಬನಿಗೆ ಸಡಿಲವಾದರೂ ತಾನು ಮರುದಿನ ಅಲ್ಲಿ ನಿಲ್ಲಲಾರೆನೆಂದು ಅವಳು ಬಲ್ಲಳು.

ಕೌಂಟರಿನ ತುದಿಯಲ್ಲಿ ಮಾಲೀಕ ಇಟ್ಟ ಅಭಿಪ್ರಾಯ ಪುಸ್ತಕವಿತ್ತು, ಅದಕ್ಕೆ ದಾರದಲ್ಲಿ ಕಟ್ಟಿದ ನೀಲಿ ಪೆನ್ನು. ಅತ್ತಿಗೆಗೆ ಓದು ಬಾರದು. ಹಗಲು ಅಲ್ಲಿ ಲೋಟ ತೊಳೆದು ಸಂಜೆಯ ಶಾಲೆಗೆ ಹೋಗುತ್ತಿದ್ದ ನಾನು ಮಧ್ಯಾಹ್ನ ಮೂರಕ್ಕೆ ಹಿಂದಿನ ದಿನದ ಸಾಲುಗಳನ್ನು ಗಟ್ಟಿಯಾಗಿ ಓದಬೇಕಿತ್ತು. “ಬೀರು ತಣ್ಣಗಿದೆ, ಕೌಂಟರು ಬಿಸಿಯಿದೆ.” “ಶೌಚಾಲಯದ ಚಿಲಕ ನಾಲ್ಕು ತಿಂಗಳಿಂದ ರಜೆಯ ಮೇಲಿದೆ.” “ಇಲ್ಲಿ ಬೈಸಿಕೊಂಡರೆ ಮನೆ ಬಿಟ್ಟು ಬಂದೆನೆಂಬ ಕೊರಗೇ ಇರುವುದಿಲ್ಲ.” ಬರೆದವರೂ ಬರೆಯದವರೂ ಸೇರಿ ನಗುತ್ತಿದ್ದರು.

ನನ್ನ ಅಣ್ಣ, ಎಂದರೆ ಅವಳ ಗಂಡ, ಗುಜರಿ ಅಂಗಡಿಯಲ್ಲಿ ಸುತ್ತಿಗೆ ಹಿಡಿದು ಕಬ್ಬಿಣ ಒಡೆಯುವವನು. ಅವನ ಮಗ್ಗೂ ಕೊಕ್ಕೆಯಲ್ಲಿತ್ತು. ಒಂದು ಮಧ್ಯಾಹ್ನ ಅವನೂ ಮಗ್ಗು ಹಿಡಿದು ಕುಳಿತಿದ್ದಾಗ ನಾನು ಓದಿದ ಕೊನೆಯ ಸಾಲು ಹೀಗಿತ್ತು: “ಹೆಡ್ಮಿಸ್ಸು ಗುಜರಿಯವನನ್ನು ಪಾಸು ಮಾಡಿದ್ದು ಹೇಗೆ? ಆ ಮನೆಯಲ್ಲಿ ಸೀರೆ ಉಡುವವರು ಯಾರು?”

ಬಾರು ಹೋ ಎಂದಿತು. ಅಣ್ಣ ನಗಲಿಲ್ಲ.

“ಯಾರು ಬರೆದಿದ್ದು?”

“ಹೆಸರಿಲ್ಲ.”

“ಯಾವ ಇಂಕು?”

“ಹಸಿರು,” ಎಂದೆ. ಶಾಲೆಯಲ್ಲಿ ಉತ್ತರ ಗೊತ್ತಿದ್ದಾಗ ಹೇಳುವ ಚುರುಕಿನಲ್ಲೇ ಹೇಳಿಬಿಟ್ಟೆ. ಆ ಚುರುಕನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಹಸಿರು ಪೆನ್ನು ಇದ್ದದ್ದು ಗಡಿಯಾರ ರಿಪೇರಿಯವನ ಜೇಬಿನಲ್ಲಿ ಮಾತ್ರ. ದಾರದ ಪೆನ್ನು ಒಣಗಿದಾಗ ಅವನು ಅದನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದನೆಂಬುದೂ ಎಲ್ಲರಿಗೂ ಗೊತ್ತಿತ್ತು. ಹಿಂದಿನ ದಿನ ಅದನ್ನು ಕೇಳಿ ಪಡೆದಿದ್ದ ದರ್ಜಿ ಪಕ್ಕದ ಮೇಜಿನಲ್ಲೇ ಇದ್ದ. ಬಾಯಿಗೆ ಹೊಲಿಗೆ ಹಾಕಿಕೊಂಡವನಂತೆ ಕುಳಿತಿದ್ದ.

“ಅಯ್ಯೋ, ನಾನಲ್ಲಪ್ಪ!” ಗಡಿಯಾರದವನು ಇನ್ನೂ ನಗುತ್ತಲೇ ಇದ್ದ. “ಪೆನ್ನು ನಂದು, ಕೈ ನಂದಲ್ಲ.”

“ಕೈ ನಿಂದಲ್ವಾ? ಹಾಗಾದ್ರೆ ನಿನಗ್ಯಾಕೋ ಅದು?”

ಅಣ್ಣ ಅವನ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದು ಮಗ್ಗಿನ ತಳದಿಂದ ಬೆರಳುಗಳ ಮೇಲೆ ಕುಟ್ಟಿದ. ಮೊದಲ ಏಟಿಗೆ ಗಡಿಯಾರದವನು ಕೈ ಎಳೆದುಕೊಳ್ಳಲು ಹೆಣಗಿದ. ಎರಡನೆಯದಕ್ಕೆ ಮೂಳೆ ಮುರಿದ ಸದ್ದು ಕೌಂಟರಿನ ತುದಿಯಲ್ಲಿ ಪುಸ್ತಕ ಹಿಡಿದು ನಿಂತ ನನ್ನವರೆಗೆ ಕೇಳಿತು. ಮೂರನೆಯದಕ್ಕೆ ಮಗ್ಗು ಒಡೆದು ಗಾಜು ಗಡಿಯಾರದವನ ಮಣಿಕಟ್ಟಿನೊಳಗೆ ಇಳಿಯಿತು. ಹಿಡಿಯಲು ಬಂದ ಲಾರಿ ಚಾಲಕನನ್ನು ಅಣ್ಣ ಕುರ್ಚಿಯ ಸಮೇತ ಗೋಡೆಗೆ ಒಗೆದ. ಮೇಜಿನಿಂದ ಬೀರೂ ರಕ್ತವೂ ಒಟ್ಟಿಗೆ ತೊಟ್ಟಿಕ್ಕುತ್ತಿದ್ದವು.

ಅತ್ತಿಗೆ ಕೌಂಟರಿನ ಹಲಗೆ ಎತ್ತಿ ಹೊರಬಂದಳು. ಮಗ್ಗಿನ ಹಿಡಿಯಷ್ಟೇ ಅಣ್ಣನ ಮುಷ್ಟಿಯಲ್ಲಿ ಉಳಿದಿತ್ತು.

“ಒಂದು ವರ್ಷ. ಅದನ್ನೂ ತಗೊಂಡು ಆಚೆ ನಡಿ.”

“ಏನೇ? ನಿನ್ನ ಮರ್ಯಾದೆಗೋಸ್ಕರ ಹೊಡೆದೆ ಕಣೇ!”

“ನಾನು ಕೇಳಿದ್ನಾ? ನಡಿ.”

ಅವನು ಅವಳ ಬಾಯಿಗೇ ಗುದ್ದಿದ. ಅವಳು ಕೌಂಟರಿಗೆ ಬಡಿದು ಕುಸಿದಳು. ಎದ್ದು, ಅಂಗೈಗೆ ಒಂದು ಹಲ್ಲನ್ನು ಉಗಿದು, ಅದನ್ನು ನೋಡಿ, “ಎರಡು ವರ್ಷ” ಎಂದಳು.

ಯಾರೋ ಕಿಸಕ್ಕೆಂದು ನಕ್ಕು ತಕ್ಷಣ ನಿಲ್ಲಿಸಿದರು. ಅಣ್ಣ ಅವಳ ಕುತ್ತಿಗೆಗೆ ಕೈ ಹಾಕಿದ. ಕೌಂಟರಿನ ಮೇಲಿದ್ದ, ಬೀರಿನ ಪೀಪಾಯಿ ಬಿಗಿಯುವ ಸ್ಪ್ಯಾನರ್ ಅವಳ ಕೈಗೆ ಸಿಕ್ಕಿತ್ತು. ಅದು ಅವನ ಮೊಣಕಾಲಿಗೆ ಬಿದ್ದ ರಭಸಕ್ಕೆ ಅವನು ಕಡಿದ ಮರದಂತೆ ನೆಲಕ್ಕೆ ಬಂದ. ಇನ್ನೊಮ್ಮೆ ಎತ್ತಿದವಳು ಹೊಡೆಯಲಿಲ್ಲ. “ನೋಡ್ತಾ ನಿಂತಿದೀರಲ್ಲ, ಗಂಡಸರೇ! ಹಿಡ್ಕೊಳ್ಳಿ ಇವನ್ನ,” ಎಂದಳು.

ಠಾಣೆಯಲ್ಲಿ ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ತಾವು ಆಗ ಶೌಚಾಲಯದಲ್ಲಿದ್ದುದಾಗಿ ಹೇಳಿದರು. ಒಬ್ಬನೇ ನಿಲ್ಲಬಹುದಾದ ಆ ಕೋಣೆಯಲ್ಲಿ ಹನ್ನೊಂದು ಜನರಿದ್ದರೆಂದು ಠಾಣೆಯ ಕಡತ ಹೇಳುತ್ತದೆ. ಹೆಡ್ಮಿಸ್ಸಿನ ಗಂಡನ ವಿರುದ್ಧ ಸಾಕ್ಷಿ ಹೇಳಿದರೆ ಹೆಡ್ಮಿಸ್ಸೇ ಮುನಿದಾಳೆಂದು ಅವರ ಲೆಕ್ಕ. ಹದಿನೇಳು ವರ್ಷ ನೋಡಿಯೂ ಅವರಿಗೆ ಅವಳು ಅರ್ಥವಾಗಿರಲಿಲ್ಲ. ಆ ಸುಳ್ಳುಗಳನ್ನು ಕೇಳಿದ ಮೇಲೆ ನಾನು ಕಂಡದ್ದನ್ನು ಕಂಡಂತೆ ಹೇಳಿದೆ.

ಇನ್ಸ್‌ಪೆಕ್ಟರ್ ಅತ್ತಿಗೆಯ ಹೇಳಿಕೆಯನ್ನು ಬರೆದು ಓದಿದರು: “ಮಾತಿಗೆ ಮಾತು ಬೆಳೆದು, ಆಕಸ್ಮಿಕವಾಗಿ ಕೈ ತಾಗಿ…”

“ತಾಗಿಲ್ಲ. ಹೊಡೆದ. ಬೆರಳಿಗೆ ಮೂರು ಸಲ, ನನಗೊಂದು ಸಲ.”

“ನಾಳೆ ನಿಮಗೆ ಯಾರಮ್ಮ ದಿಕ್ಕು? ಸ್ವಲ್ಪ ಯೋಚನೆ ಮಾಡಿ.”

“ಅದು ನನ್ನ ಪಾಡು, ಸಾರ್. ನೀವು ಬರೀರಿ.”

ಅವರು ಹಾಳೆ ಹರಿದು ಮತ್ತೆ ಬರೆದರು. ಅವಳು ಹೆಬ್ಬೆಟ್ಟು ಒತ್ತಿದಳು.

ಠಾಣೆಯ ಮೆಟ್ಟಿಲ ಮೇಲೆ ನನ್ನ ಅಮ್ಮ, ಎಂದರೆ ಅವಳ ಅತ್ತೆ, ಕಾದಿದ್ದಳು. “ಕಟ್ಟಿಕೊಂಡ ಗಂಡನ್ನೇ ಒಳಗೆ ಹಾಕಿಸಿದೆಯಲ್ಲೇ! ಇನ್ನು ನನ್ನ ಮನೆ ಕಡೆ ತಲೆ ಹಾಕಬೇಡ.”

ಅತ್ತಿಗೆ ಒಡೆದ ತುಟಿಗೆ ಸೆರಗು ಒತ್ತಿಕೊಂಡಳು. ಅಮ್ಮನನ್ನು ದಾಟಿ, ಗಡಿಯಾರದವನನ್ನು ಮಲಗಿಸಿದ್ದ ಆಸ್ಪತ್ರೆಯ ದಾರಿ ಹಿಡಿದಳು.