ಮುಖ ಕೆಳಗೆ ಮಾಡಿ ತೇಲುವವರು

ನಮ್ಮ ಬೀದಿಯ ಭೀಮು ಜೀವ ಇರುವವರನ್ನು ನೀರಿನಿಂದ ಎತ್ತಿದ್ದು ಕಡಿಮೆ. ಹಲಸೂರು ಕೆರೆಯಲ್ಲಿ ಅಂತರಗಂಗೆ ಗಿಡ ಕಿತ್ತು ದಡಕ್ಕೆ ಹಾಕುವುದು, ಗಣೇಶನ ಹಬ್ಬದಲ್ಲಿ ಮೂರ್ತಿಗಳನ್ನು ಹೊತ್ತು ನೀರಿಗೆ ಬಿಡುವುದು ಅವನ ಕೂಲಿ ಕೆಲಸ. ಆದರೆ ಪೊಲೀಸರು ಅವನ ಬಾಗಿಲಿಗೆ ಬರುತ್ತಿದ್ದದ್ದು ಬೇರೆ ಕೆಲಸಕ್ಕೆ. ಹಲಸೂರಿನಲ್ಲಾಗಲಿ, ಕಗ್ಗದಾಸಪುರದಲ್ಲಾಗಲಿ, ಕೆ.ಆರ್. ಪುರದ ಕಡೆಯ ಕೆರೆಗಳಲ್ಲಾಗಲಿ ಯಾರಾದರೂ ಮುಳುಗಿದರೆ ಹೆಣ ತೆಗೆಯಲು ಅವನೇ ಬೇಕಾಗಿತ್ತು.

ಭೀಮು ಶಹಾಪುರದ ಕಡೆಯವನು. ಭೀಮಾ ನದಿಯ ದಡದಲ್ಲಿ ಬೆಳೆದವನು. ತೊಂಬತ್ತರ ದಶಕದಲ್ಲಿ ಗಾರೆ ಕೆಲಸಕ್ಕೆಂದು ಹೆಂಡತಿ ಮಾನಮ್ಮನ ಜೊತೆ ಬೆಂಗಳೂರಿಗೆ ಬಂದು ಕೆರೆಯ ಹಿಂದೆ ಒಂದು ಬಾಡಿಗೆ ಕೋಣೆ ಹಿಡಿದ. ಒಂದು ದಿನ ಕೆರೆಗೆ ಬಿದ್ದವನೊಬ್ಬನನ್ನು ಹುಡುಕಲು ಯಾರೂ ಇಳಿಯದಿದ್ದಾಗ ತಾನು ಇಳಿದ. ಅವನ ಊರಿನಲ್ಲಾದರೆ ಈಜು ಬಂದ ಯಾರಾದರೂ ಮಾಡುತ್ತಿದ್ದ ಕೆಲಸ ಅದು. ಇಲ್ಲಿ ಅವನೊಬ್ಬನದಾಯಿತು.

ಕೆರೆಯ ನೀರಿನೊಳಗೆ ಏನೂ ಕಾಣುವುದಿಲ್ಲ. ಕಾಲಿನಿಂದ ಕೆಸರು ತಡವುತ್ತಾ ಹೋಗಬೇಕು. ಸಿಕ್ಕಿದ ಮೇಲೆ ಹಿಂದಿನಿಂದ ಕೂದಲು ಹಿಡಿಯಬೇಕು, ಮುಖ ಕೆಳಗಿದ್ದ ಹಾಗೆಯೇ ದಡಕ್ಕೆ ಎಳೆಯಬೇಕು. ಮುಖ ನೋಡಿದರೆ ಅದು ಮನೆಯವರೆಗೂ ಹಿಂದೆ ಬರುತ್ತದೆ ಎಂದು ಅವನು ನಂಬಿದ್ದ. ಹಾಗಾಗಿ ಅವನು ಯಾವತ್ತೂ ಯಾರ ಮುಖವನ್ನೂ ತಿರುಗಿಸಿರಲಿಲ್ಲ.

ಅವನು ಕೆಲಸ ಮುಗಿಸಿ ಬಂದ ದಿನ ಮನೆಯ ಮಾಲೀಕಿ ಸುಭದ್ರಮ್ಮ ಮೆಟ್ಟಿಲ ಮೇಲೆಯೇ ನಿಂತಿರುತ್ತಿದ್ದರು. “ಭೀಮು, ಮೊದ್ಲು ಹೊರಗಡೆ ನಲ್ಲೀಲಿ ಸ್ನಾನ ಮಾಡ್ಕೊಂಡು ಬಾಪ್ಪ. ಬಕೆಟ್ ಮಾತ್ರ ನಿಮ್ದೇ ತಗೋ.” ಅವರು ಕೆಟ್ಟವರಲ್ಲ. ಆ ಮಾತನ್ನು ಮೆಲ್ಲಗೇ ಹೇಳುತ್ತಿದ್ದರು. ಆದರೆ ಭೀಮುವಿನ ಮಗಳು ಪ್ರಿಯದರ್ಶಿನಿ ಹುಟ್ಟುಹಬ್ಬಕ್ಕೆ ಶಾಲೆಯಲ್ಲಿ ಹಂಚಿದ ಚಾಕೊಲೇಟನ್ನು ಯಾರೂ ತೆಗೆದುಕೊಳ್ಳದೆ ಡಬ್ಬಿ ತುಂಬಿದ ಹಾಗೆಯೇ ವಾಪಸು ಬಂದ ದಿನ ಮಾನಮ್ಮ ಅನ್ನ ಬಡಿಸುವುದನ್ನು ನಿಲ್ಲಿಸಿ ಹೇಳಿದಳು:

“ಈ ಕೆಲಸ ಬಿಡು. ಬ್ಯಾರೆ ಹುಡುಕು. ಇಲ್ಲಂದ್ರ ನಾ ಪೋರಿನ್ನ ಕರ್ಕೊಂಡು ಊರಿಗಿ ಹೋಗ್ತೀನಿ ನೋಡು.”

“ನನಗೇನು ಅದರ ಮ್ಯಾಲ ಆಸೆ ಅದ ಏನು?” ಎಂದ ಭೀಮು. “ನೀರು ಬಿಟ್ರ ನನಗೇನು ಬರ್ತದ ಹೇಳು.”

“ನೀರಾಗೇ ಇರು. ಹೆಣ ಬ್ಯಾಡ.”

ಅಂಥ ಕೆಲಸವೂ ಇರುತ್ತದೆ ಎಂದು ಅವರಿಬ್ಬರಿಗೂ ಗೊತ್ತಿರಲಿಲ್ಲ. 2007ರಲ್ಲಿ ಸಿದ್ಧಲಿಂಗೇಶ ಎಂಬವನು ಹುಡುಕಿಕೊಂಡು ಬಂದ. ಕಲಬುರಗಿ ಕಡೆಯವನೇ. ಇಂದಿರಾನಗರದಲ್ಲಿ ಸಣ್ಣ ಟೂರಿಸ್ಟ್ ಆಫೀಸು ಇಟ್ಟುಕೊಂಡು, ಆಫೀಸುಗಳವರನ್ನು ಅಂಡಮಾನಿಗೆ ಕರೆದುಕೊಂಡು ಹೋಗುತ್ತಿದ್ದ. ಹಿಂದಿನ ಸಲ ಒಬ್ಬರು ಸಮುದ್ರದಲ್ಲಿ ನೀರು ಕುಡಿದು ಗಾಬರಿಯಾಗಿದ್ದರಂತೆ. ತನ್ನದೇ ಒಬ್ಬ ಈಜುಗಾರ ಜೊತೆಗಿರಲಿ ಎಂದು ಅವನಿಗೆ ಅನ್ನಿಸಿತ್ತು.

“ಈ ಒಂದು ಟ್ರಿಪ್ ನೋಡ್ತೀನಿ. ಸರಿ ಬಂತಂದ್ರ ಪರ್ಮನೆಂಟ್,” ಎಂದ. ಹೊರಡುವಾಗ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದ. “ಒಂದು ಮಾತು. ಅಲ್ಲಿ ಹೆಣದ ಸುದ್ದಿ ತೆಗೀಬ್ಯಾಡ ಮತ್ತ. ಯಾರರ ಕೇಳಿದ್ರ ಈಜು ಕಲಸ್ತಿದ್ದೆ ಅನ್ನು.”

ಮುಂದಿನದನ್ನು ಭೀಮುವೇ ನಮಗೆ ಹೇಳಿದ್ದು, ಒಂದೇ ಸಲ ಅಲ್ಲ, ತುಂಡು ತುಂಡಾಗಿ. ಅವನು ಹೇಳದೇ ಇದ್ದದ್ದನ್ನು ನಾನು ಸೇರಿಸಿಲ್ಲ.

ಅಂಡಮಾನಿನಲ್ಲಿ ಆ ದಿನ ದೋಣಿಯಲ್ಲಿ ಮಾರತ್ತಹಳ್ಳಿಯ ಒಂದು ಆಫೀಸಿನವರಿದ್ದರು. ಬೆಳಿಗ್ಗೆ ಒಂದು ದ್ವೀಪ, ಮಧ್ಯಾಹ್ನ ಇನ್ನೊಂದು, ಸಂಜೆಗೆ ಮತ್ತೊಂದು. ಪ್ರತಿಯೊಂದರ ಹತ್ತಿರವೂ ದೋಣಿ ನಿಲ್ಲಿಸಿ ಸ್ನಾರ್ಕೆಲಿಂಗ್. ಕಣ್ಣು, ಮೂಗು ಮುಚ್ಚುವ ಗಾಜಿನ ಕನ್ನಡಕ ಹಾಕಿಕೊಂಡು, ಬಾಗಿದ ಕೊಳವೆಯನ್ನು ಬಾಯಲ್ಲಿ ಕಚ್ಚಿ, ಮುಖವನ್ನು ನೀರಿನಲ್ಲಿಟ್ಟು ತೇಲುತ್ತಾ ತಳದಲ್ಲಿರುವ ಮೀನು, ಹವಳ ನೋಡುವುದು. ಕೊಳವೆಯ ತುದಿ ನೀರಿನ ಮೇಲಿರುವುದರಿಂದ ಉಸಿರಾಡಬಹುದು. ಭೀಮುಗೆ ಇದನ್ನೆಲ್ಲ ಹಿಂದಿನ ದಿನವೇ ತೋರಿಸಿದ್ದರು.

ಬೆಳಿಗ್ಗೆ ಎಲ್ಲ ಚೆನ್ನಾಗಿತ್ತು. ಚನ್ನು ಎಂಬ ಹುಡುಗ ಭೀಮುವನ್ನು ಬಿಟ್ಟು ಕದಲುತ್ತಲೇ ಇರಲಿಲ್ಲ.

“ಗುರು, ಶಾರ್ಕ್ ಬಂದ್ರೆ ಮೊದ್ಲು ಭೀಮಣ್ಣನ್ನ ಮುಂದೆ ಬಿಡೋಣ.”

“ಶಾರ್ಕೇ ಓಡೋಗುತ್ತೆ ಮಗಾ, ಮೀಸೆ ನೋಡಿಲ್ವಾ?” ಎಂದ ಅವನ ಸ್ನೇಹಿತ.

ಭೀಮು ಎಲ್ಲರಿಗಿಂತ ಜೋರಾಗಿ ನಕ್ಕ. ಅವರೆಲ್ಲ ಗಾಳಿ ತುಂಬಿದ ಟ್ಯೂಬು ಹಿಡಿದುಕೊಂಡು, ಕಾಲು ಬಡಿಯುತ್ತಾ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ಇದ್ದರು. ಶಿವಾನಿ ಎಂಬ ಹುಡುಗಿ ಮಾತ್ರ ಏಣಿ ಬಿಟ್ಟು ಇಳಿಯಲಿಲ್ಲ.

“ಅಣ್ಣ, ನಂಗೆ ಆಗಲ್ಲ. ಮುಳುಗೋಗ್ತೀನಿ.”

“ಹೆದ್ರಬ್ಯಾಡ್ರಿ ಅಕ್ಕೋರೆ. ಮೈ ಸಡಲ ಬಿಡ್ರಿ, ನೀರು ತಾನೇ ಹಿಡ್ಕೊಂತದ.”

ತಾಳ್ಮೆಯಿಂದ ಅವಳಿಗೆ ತೇಲುವುದನ್ನು ಹೇಳಿಕೊಟ್ಟ. ಮೊದಲ ಸಲ ಮುಖ ಮುಳುಗಿಸಿ ಎದ್ದಾಗ ಅವಳು ಕೂಗಿದಳು: “ಅಯ್ಯೋ ಅಣ್ಣ, ನೀವೂ ನೋಡಿ! ನೀಲಿ ಮೀನು!” ಅವನೂ ಕನ್ನಡಕ ಹಾಕಿಕೊಂಡು ಬಗ್ಗಿದ. ಮೊದಲು ಕಂಡದ್ದು ಮೀನಲ್ಲ, ತನ್ನದೇ ಕಾಲು. ಊರು ಬಿಟ್ಟ ಮೇಲೆ ನೀರಿನೊಳಗೆ ತನ್ನ ಕಾಲು ತನಗೇ ಕಂಡದ್ದು ಅದೇ ಮೊದಲಂತೆ.

ದೋಣಿ ಹೊರಟಾಗ ಸಿದ್ಧಲಿಂಗೇಶ ಅವನ ಬೆನ್ನು ತಟ್ಟಿದ. “ಭೇಷ್. ನಿನ್ನ ಕೆಲಸ ಗಟ್ಟಿ ಆತು ನೋಡು.”

ಎರಡನೆಯ ದ್ವೀಪದ ಹತ್ತಿರ ನೀರಿಗೆ ಅಲೆಯೇ ಇರಲಿಲ್ಲ. ಎಲ್ಲರಿಗೂ ಧೈರ್ಯ ಬಂದು ದೂರ ದೂರ ಚದುರಿದ್ದರು. ಭೀಮು ದೋಣಿಯ ಮೇಲೆ ನಿಂತು ಕಾಯುತ್ತಿದ್ದ. ಚನ್ನು ಏಣಿ ಹತ್ತುವಾಗ ಕಾಲು ಜಾರಿದ್ದಕ್ಕೆ ಅವನ ಕೈ ಹಿಡಿದು ಮೇಲೆಳೆದುಕೊಂಡ. ಮತ್ತೆ ಸಮುದ್ರದ ಕಡೆ ತಿರುಗಿದಾಗ, ಎಲ್ಲರಿಂದ ಆಚೆ ಒಂದು ಮೈ ತೇಲುತ್ತಿತ್ತು. ಮುಖ ಕೆಳಗೆ. ಕೈಗಳು ಅಗಲವಾಗಿ ಬಿಟ್ಟಿದ್ದವು. ಕೂದಲು ಬಿಚ್ಚಿ ನೀರಿನ ಮೇಲೆ ಹರಡಿತ್ತು. ಕಾಲು ಅಲುಗುತ್ತಿರಲಿಲ್ಲ. ಬಿಸಿಲು ನೀರಿನ ಮೇಲೆ ಬಿದ್ದು ಹೊಳೆಯುತ್ತಿದ್ದುದರಿಂದ ಕೊಳವೆ ಅವನಿಗೆ ಕಾಣಲಿಲ್ಲ.

ಭೀಮು ಹಾರಿದ.

ಜೀವ ಉಳಿಸಲು ಹೋಗುವವನು ಮೊದಲು ಮುಖವನ್ನು ನೀರಿನಿಂದ ಮೇಲೆತ್ತುತ್ತಾನೆ. ಭೀಮು ಎತ್ತಲಿಲ್ಲ. ಹಿಂದಿನಿಂದ ಹೋಗಿ, ಕೂದಲನ್ನು ಕೈಗೆ ಸುತ್ತಿಕೊಂಡು, ಮುಖ ಕೆಳಗಿದ್ದ ಹಾಗೆಯೇ ದೋಣಿಯ ಕಡೆಗೆ ಎಳೆಯತೊಡಗಿದ. ಇಷ್ಟು ವರ್ಷ ಅವನ ಕೈಗೆ ಗೊತ್ತಿದ್ದದ್ದು ಅದೊಂದೇ ದಾರಿ. ಮೈ ಒದ್ದಾಡಿತು. ಅವನು ಹಿಂದೆ ತಿರುಗಿ ನೋಡಲಿಲ್ಲ. ಅದು ಒದ್ದಾಟ ಎಂದು ಅವನ ಕೈಗೆ ತಿಳಿಯಲೂ ಇಲ್ಲ. ದೋಣಿಯ ಮೇಲಿದ್ದವರು “ಬಿಡೋ! ಬಿಡೋ!” ಎಂದು ಕಿರುಚುತ್ತಿದ್ದದ್ದು ಬೇಗ ಬಾ ಎಂದಂತೆ ಕೇಳಿಸಿ, ಇನ್ನೂ ಜೋರಾಗಿ ಎಳೆದ.

ಶಿವಾನಿಯನ್ನು ಮೇಲೆತ್ತಿ ಮಲಗಿಸಿದಾಗ ಅವಳ ಬಾಯಿಂದ, ಮೂಗಿನಿಂದ ಉಪ್ಪುನೀರು ಬಂತು. ಕೊಳವೆ ಕಳಚಿ ಹೋಗಿತ್ತು. ಬಹಳ ಹೊತ್ತು ಕೆಮ್ಮಿದಳು. ಆಮೇಲೆ ತಲೆ ಹಿಡಿದುಕೊಂಡು ಎದ್ದು ಕೂತು, ಅಳುತ್ತಾ ಕೇಳಿದಳು:

“ನಾನು ಮೀನು ನೋಡ್ತಿದ್ದೆ ಅಣ್ಣ. ಸುಮ್ನೆ ಮೀನು ನೋಡ್ತಿದ್ದೆ. ಯಾಕೆ ಹಂಗೆ ಮಾಡಿದ್ರಿ?”

ಸಿದ್ಧಲಿಂಗೇಶ ಮಧ್ಯೆ ಬಂದು ಏನೋ ಹೇಳಲು ಹೊರಟ. ಭೀಮುಗೆ ಅಷ್ಟು ಹೊತ್ತಿಗೆ ಸುಳ್ಳು ಹುಡುಕುವ ಶಕ್ತಿ ಉಳಿದಿರಲಿಲ್ಲ.

“ಸತ್ತೀರಿ ಅಂತ ತಿಳ್ಕೊಂಡೆ ಅಕ್ಕೋರೆ. ಹೆಣ ಹಂಗೇ ತೇಲ್ತಾವ್ರಿ. ನಾನು ಕೆರ್‍ಯಾಗ ಹಂಗೇ ಎಳಿಯೋದು.”

ಚನ್ನು ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡು ಚಡ್ಡಿಗೆ ಒರೆಸಿಕೊಂಡ. ಶಿವಾನಿ ಕೂದಲನ್ನೆಲ್ಲ ಒಟ್ಟುಮಾಡಿ ಟವೆಲಿನೊಳಗೆ ಸುತ್ತಿ, ದೋಣಿಯ ಆ ತುದಿಗೆ ಹೋಗಿ ಕೂತಳು.

ಊಟದ ಪೊಟ್ಟಣಗಳನ್ನು ಹಂಚುವುದೂ ಭೀಮುವಿನ ಕೆಲಸವಾಗಿತ್ತು. ಅವನು ಎದ್ದಾಗ ಸಿದ್ಧಲಿಂಗೇಶ “ಕೂಡು, ನಾ ಕೊಡ್ತೀನಿ” ಎಂದು ಅವನ ಕೈಯಿಂದ ಚೀಲ ತೆಗೆದುಕೊಂಡ. ಮೂರನೆಯ ದ್ವೀಪದ ಹತ್ತಿರ ದೋಣಿ ನಿಂತಿತು. ಅಲ್ಲಿಯ ನೀರೇ ಎಲ್ಲಕ್ಕಿಂತ ತಿಳಿ ಎಂದು ದೋಣಿಯವನು ಹೇಳಿದ. ಆದರೆ ಒಬ್ಬರೂ ಇಳಿಯಲಿಲ್ಲ. ತಾನು ಮುಖ ಕೆಳಗೆ ಮಾಡಿ ತೇಲಿದರೆ ಹೇಗೆ ಕಾಣುತ್ತೇನೆ ಎಂಬುದು ಈಗ ಎಲ್ಲರಿಗೂ ಗೊತ್ತಾಗಿತ್ತು. ಸ್ವಲ್ಪ ಹೊತ್ತು ಕಾದು ದೋಣಿ ಹಿಂತಿರುಗಿತು.

ದಡದಲ್ಲಿ ಸಿದ್ಧಲಿಂಗೇಶ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಭೀಮು ಹೇಳುತ್ತಿದ್ದ. “ನಿನ್ನ ತಪ್ಪಲ್ಲ ಬಿಡು. ನಿನಗ ಬ್ಯಾಡ ಅಂದಿದ್ದೆ, ಆದ್ರೂ ಹೇಳಿಬಿಟ್ಟಿ. ಬೆಂಗಳೂರಿಗಿ ಹೋದ ಮ್ಯಾಲ ಫೋನ್ ಮಾಡ್ತೀನಿ,” ಎಂದನಂತೆ.

ಫೋನ್ ಬರಲಿಲ್ಲ. ಭೀಮು ಮನೆಯಲ್ಲೇ ಕೂತ. ಗಿಡ ಕೀಳುವ ಕೆಲಸಕ್ಕೂ ಹೋಗಲಿಲ್ಲ, ಕೆರೆಯ ಕಡೆಗೆ ಮುಖ ಮಾಡಿದರೆ ಮತ್ತೆ ಕರೆಯುತ್ತಾರೆ ಎಂಬ ಭಯ. ಏನಾಯಿತೆಂದು ಮಾನಮ್ಮ ಒಂದು ಸಲ ಕೇಳಿ, ಪೂರ್ತಿ ಕೇಳಿಸಿಕೊಂಡು, ಆಮೇಲೆ ಆ ಮಾತು ಎತ್ತಲಿಲ್ಲ. ಊರಿಗೆ ಹೋಗುತ್ತೇನೆ ಎಂದೂ ಅನ್ನಲಿಲ್ಲ. ಎರಡು ಮನೆಗಳಲ್ಲಿ ಪಾತ್ರೆ ತೊಳೆಯುವ ಕೆಲಸ ಹಿಡಿದಳು.

ಒಂದು ಭಾನುವಾರ ಬೆಳಿಗ್ಗೆ ಪೊಲೀಸ್ ಪೇದೆ ಬಂದ. ಅವನ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವಳ ಮಗ ನಿನ್ನೆ ಸಂಜೆ ಕೆರೆಗೆ ಇಳಿದವನು ಸಿಕ್ಕಿರಲಿಲ್ಲ.

ಮಾನಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಅವರು ಇಲ್ರಿ ಸಾಹೇಬ್ರ. ದ್ವೀಪಕ್ಕ ಹೋಗ್ಯಾರ. ಅಲ್ಲೇ ನೌಕರಿ ಆಗ್ಯದ.”

“ಯಾವಾಗ ಬರ್ತಾರಮ್ಮ?” ಎಂದು ಆ ಹೆಂಗಸು ಕೇಳಿದಳು.

ಒಳಗೆ ಗೋಡೆಗೆ ಒರಗಿ ಕೂತಿದ್ದ ಭೀಮು ಎದ್ದ. ಹಗ್ಗದ ಮೇಲಿನ ಟವೆಲ್ ತೆಗೆದುಕೊಂಡು, ಹೆಂಡತಿಯ ಭುಜವನ್ನು ಮೆಲ್ಲಗೆ ಸರಿಸಿ ಹೊರಗೆ ಬಂದ.