ದಾಸವಾಳಕ್ಕೊಂದು ಬೇಲಿ

ಮೂವತ್ತು ವರ್ಷ ಕಂಡವರ ಬೇಲಿ ದಾಟಿ ಬದುಕಿದವನು ನಾನು. ಗಾಬರಿಯಾಗಬೇಡಿ, ಪೋಸ್ಟ್‌ಮನ್ ಆಗಿದ್ದೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂದು ವರ್ಗವಾದಲ್ಲೆಲ್ಲ ಯಾವ ಮನೆಗೆ ಎಂಥ ಬೇಲಿ, ಅದು ಪ್ಯಾಂಟನ್ನು ಯಾವ ಭಾಗದಲ್ಲಿ ಹಿಡಿಯುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ಹಾಗಾಗಿ ನಿವೃತ್ತನಾಗಿ ಮಸ್ಕಿಯ ಅಂಚಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದಾಗ, ಬೇಲಿಯ ವಿಷಯದಲ್ಲಿ ಮಾತ್ರ ಯಾರ ಸಲಹೆಯೂ ಬೇಡ ಎಂದು ಸಾರಿಬಿಟ್ಟೆ. ಇಂಥ ಮಾತನ್ನು ಮನುಷ್ಯ ಮೆಲ್ಲಗೆ ಆಡಬೇಕು. ನಾನು ಅಂಗಳದಲ್ಲಿ ನಿಂತು ಜೋರಾಗಿ ಆಡಿದ್ದೆ.

ಬೇಲಿ ಬೇಕಾದದ್ದು ಕಳ್ಳರ ಭಯಕ್ಕಲ್ಲ. ನಮ್ಮ ಮನೆಯಲ್ಲಿ ಕದಿಯುವಂಥದ್ದು ಏನಿದೆ ಎಂದು ಕಳ್ಳನೇ ಬಂದು ತೋರಿಸಿಕೊಟ್ಟರೆ ಅವನಿಗೆ ಚಹಾ ಕುಡಿಸಿ ಕಳಿಸುತ್ತೇನೆ. ಬೇಕಾದದ್ದು ಒಂದು ದಾಸವಾಳದ ಗಿಡಕ್ಕೆ. ನನ್ನ ಹೆಂಡತಿ ಗೌರಮ್ಮ ಮದುವೆಯಾದಂದಿನಿಂದ ಬಾಡಿಗೆ ಮನೆಗಳಲ್ಲಿದ್ದು, ಮನೆಯೊಡೆಯರ ಅಂಗಳದ ಹೂವನ್ನು ಕೇಳಿ ಕೇಳಿ ದೇವರಿಗೆ ಏರಿಸಿದವಳು. ಸ್ವಂತ ನೆಲದಲ್ಲಿ ಅವಳು ಊರಿದ ಮೊದಲ ಕಡ್ಡಿ ಇದು. ತುರ್ವಿಹಾಳದಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದಳು. ತನ್ನ ಗಿಡದ್ದೇ ಒಂದು ಹೂವು ಬೇಕು ಎಂಬುದಷ್ಟೇ ಅವಳ ಆಸೆ. ಗಿಡ ಮೂರು ಸಲ ಮೊಗ್ಗು ಬಿಟ್ಟಿತು. ಮೂರು ಸಲವೂ ಪಕ್ಕದ ಮನೆಯ ಹನುಮವ್ವನ ಆಡುಗಳು ಬಂದು ಎಲೆ, ಮೊಗ್ಗು ಒಂದನ್ನೂ ಬಿಡದೆ ಮೇಯ್ದು ಹೋದವು. ಮೂರನೆಯ ಸಲ ಗೌರಮ್ಮ ಬೈಯಲೂ ಇಲ್ಲ. ಬೋಳು ಕಡ್ಡಿಗೆ ಒಂದು ಚೊಂಬು ನೀರು ಹಾಕಿ ಒಳಗೆ ಹೋಗಿ ಮಲಗಿಬಿಟ್ಟಳು. ನನಗೆ ನಿಜವಾಗಿಯೂ ಸಂಕಟವಾಯಿತು.

ನಮ್ಮ ಸೀಮೆಯಲ್ಲಿ ಬೇಲಿ ಹಾಕುವವನು ಮೊದಲು ಸೂರ್ಯನ ಒಪ್ಪಿಗೆ ಪಡೆಯಬೇಕು. ಕಬ್ಬಿಣವನ್ನು ನಾನು ಮೊದಲೇ ತಳ್ಳಿಹಾಕಿದೆ. ಏಪ್ರಿಲ್ ಮಧ್ಯಾಹ್ನ ಗೇಟಿನ ಚಿಲಕ ಮುಟ್ಟಿ ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ನಾನಂತೂ ಎಷ್ಟೋ ಬೇಸಿಗೆ ಜನರ ಗೇಟುಗಳನ್ನು ಮೊಣಕೈಯಲ್ಲೇ ತೆಗೆದು, ಸೊಕ್ಕಿನ ಪೋಸ್ಟ್‌ಮನ್ ಎಂಬ ಹೆಸರನ್ನೂ ಗಳಿಸಿದ್ದೆ. ತಗಡು ಬೇಸಿಗೆಯಲ್ಲಿ ರೊಟ್ಟಿ ಹಂಚಿನಂತೆ ಕಾಯುತ್ತದೆ, ಆಷಾಢದ ಗಾಳಿಗೆ ಪಕ್ಕದ ಓಣಿಗೆ ವರ್ಗವಾಗುತ್ತದೆ. ಬಿದಿರು ಬಿಸಿಲಿಗೆ ಸೀಳುತ್ತದೆ, ಉಳಿದದ್ದು ಗೆದ್ದಲಿನ ಪಾಲು. ಸಿಂಧನೂರಿನ ಅಂಗಡಿಯವನು ಹಸಿರು ಪ್ಲಾಸ್ಟಿಕ್ ಹೊದಿಸಿದ ತಂತಿಯ ಜಾಲರಿ ತೋರಿಸಿದ. ಆಡು ನಿಲ್ಲುತ್ತದೆಯೇ ಎಂದು ಕೇಳಿದೆ. ಎಮ್ಮೆ ನಿಲ್ಲುತ್ತದೆ, ಆಡಿನ ಜವಾಬ್ದಾರಿ ತನ್ನದಲ್ಲ ಎಂದ. ಪ್ರಾಮಾಣಿಕ ವ್ಯಾಪಾರಿ.

ಲಿಂಗಸುಗೂರಿನಲ್ಲಿ ನನ್ನ ಭಾವ ಮನೆ ಸುತ್ತ ಕಲ್ಲಿನ ಚಪ್ಪಡಿ ನೆಡಿಸಿದ್ದಾನೆ ಎಂದು ಅದನ್ನೂ ನೋಡಲು ಹೋದೆ. ಅಲ್ಲಿನ ಎರೆಮಣ್ಣು ಬೇಸಿಗೆಗೆ ಬಿರಿದು, ಮಳೆಗೆ ಉಬ್ಬಿ, ಚಪ್ಪಡಿಗಳೆಲ್ಲ ಒಂದೊಂದು ದಿಕ್ಕಿಗೆ ವಾಲಿ, ಮದುವೆಯೂಟ ಮುಗಿಸಿ ಕೂತ ಬೀಗರ ಹಾಗಿದ್ದವು. ಬಹಳ ಗಟ್ಟಿ ಇವೆ ಎಂದ ಭಾವ, ಯಾವುದಕ್ಕೂ ಒರಗದೆ. ಅಷ್ಟು ದೂರ ಹೋದವನು ಮುದಗಲ್ ಕೋಟೆಯನ್ನೂ ನೋಡಿಯೇ ಬಂದೆ. ಬೇಲಿಯ ವಿದ್ಯಾರ್ಥಿಗೆ ಅದಕ್ಕಿಂತ ದೊಡ್ಡ ಶಾಲೆ ಎಲ್ಲಿದೆ? ಎಷ್ಟೋ ಅರಸರು ಬಡಿದಾಡಿದ ಕೋಟೆ. ಸುತ್ತ ಕಂದಕ, ಅದರಾಚೆ ಗೋಡೆ, ಗೋಡೆಯೊಳಗೆ ಮತ್ತೊಂದು ಗೋಡೆ. ತಲೆಯೆತ್ತಿದರೆ ಕೊತ್ತಲದ ತುದಿಯಲ್ಲಿ ಎರಡು ಆಡು ನಿಂತು ನನ್ನನ್ನೇ ನೋಡುತ್ತಿದ್ದವು. ನನ್ನ ಇತಿಹಾಸದ ಅಧ್ಯಯನವನ್ನು ಅಲ್ಲಿಗೇ ನಿಲ್ಲಿಸಿದೆ.

ಕೊನೆಗೆ ಬಳ್ಳಾರಿ ಜಾಲಿಯೇ ಸೈ ಎನಿಸಿತು. ಹಳ್ಳದ ದಂಡೆಯಲ್ಲಿ ಬೇಕಾದಷ್ಟು ಬೆಳೆದಿದೆ, ಬಿಸಿಲಿಗೆ ಜಗ್ಗುವುದಿಲ್ಲ, ಮುಳ್ಳಂತೂ ಮೊಳೆ. ಎರಡು ದಿನ ಕಡಿದು, ಎಳೆದು, ಮೈಕೈ ಗೀರಿಸಿಕೊಂಡು ಗಿಡದ ಸುತ್ತ ಎದೆಯೆತ್ತರ ಒಟ್ಟಿದೆ. ಕೊಂಬೆಗಳ ತುಂಬ ಬಲಿತ ಹಳದಿ ಕಾಯಿಗಳು ಗೊಂಚಲಾಗಿ ತೂಗುತ್ತಿದ್ದವು. ನೋಡಲು ಚೆನ್ನಾಗಿದೆ ಎಂದು ಹಾಗೇ ಬಿಟ್ಟೆ.

ಮುಂಜಾನೆ ಎದ್ದು ನೋಡುತ್ತೇನೆ, ಹನುಮವ್ವನ ನಾಲ್ಕು ಆಡುಗಳಷ್ಟೇ ಅಲ್ಲ, ಓಣಿಯ ಆಡುಗಳೆಲ್ಲ ಬೇಲಿಗೆ ಮುಂಗಾಲು ಕೊಟ್ಟು ಸಾಲಾಗಿ ನಿಂತಿವೆ. ಜಾಲಿಕಾಯಿ ಅವಕ್ಕೆ ಹೋಳಿಗೆಯಿದ್ದ ಹಾಗೆ ಎಂಬ ಸಂಗತಿಯನ್ನು ನನ್ನ ಇಡೀ ಟಪಾಲು ಸೇವೆಯಲ್ಲಿ ಯಾರೂ ಬರೆದು ತಿಳಿಸಿರಲಿಲ್ಲ. ಅವುಗಳ ಭಾರಕ್ಕೆ ಬೇಲಿ ಒಂದು ಕಡೆ ಕುಸಿದಿತ್ತು. ಒಂದು ಹೋತ ಕಾಯಿ ಮುಗಿಸಿ ಒಳಗಿಳಿದು, ದಾಸವಾಳದ ಹೊಸ ಚಿಗುರಿಗೆ ಬಾಯಿ ಹಾಕಿತ್ತು.

ಗದ್ದಲ ಕೇಳಿ ಹನುಮವ್ವ ಕೋಲು ಹಿಡಿದು ಓಡಿಬಂದಳು. ಆಡುಗಳನ್ನು ಅಟ್ಟಿ, ಬೇಲಿಯನ್ನು ಒಮ್ಮೆ ನೋಡಿ, ನಗು ತಡೆಯಲಾಗದೆ ನೆಲಕ್ಕೇ ಕೂತಳು.

"ಪೋಸ್ಟ್ ಸಾಹೇಬ್ರ, ನೀವು ಆಡಿಗೆ ಬೇಲಿ ಹಾಕಿಲ್ರೀ, ಎಡಿ ಬಡಿಸೀರಿ."

ಆಮೇಲೆ ಬಾಗಿಲಲ್ಲಿ ನಿಂತಿದ್ದ ಗೌರಮ್ಮನ ಮುಖ ನೋಡಿದಳು. ನಗು ಅಲ್ಲೇ ನಿಂತಿತು.

"ನಾ ಕೇಳಿದ್ದು ಒಂದ ಹೂವ ಬೇ, ಹನುಮವ್ವ," ಎಂದಳು ಗೌರಮ್ಮ.

ಹನುಮವ್ವ ಎದ್ದು ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಒಂದು ಬಕೆಟ್ ತಂದಳು. ಅದರಲ್ಲಿ ಆಡಿನ ಹಿಕ್ಕೆ ನೆನೆಹಾಕಿ ಕಲಸಿದ ನೀರು. ಹಳೆಯ ಕಸಬರಿಗೆ ಅದ್ದಿ ಅದ್ದಿ ಗಿಡಕ್ಕೆಲ್ಲ ಚಿಮುಕಿಸಿದಳು. ತನ್ನ ಹಿಕ್ಕೆಯ ವಾಸನೆ ಬಂದ ಸೊಪ್ಪನ್ನು ಆಡು ಮುಟ್ಟುವುದಿಲ್ಲವಂತೆ. ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಕೇಳಿದೆ. ಯಾರ ಸಲಹೆಯೂ ಬೇಡ ಎಂದು ನಾನು ಅಂದದ್ದು ಅವಳ ಮನೆಯ ಒಲೆಯ ತನಕ ಕೇಳಿಸಿತ್ತಂತೆ. ಮರುದಿನ ಅದೇ ಹೋತ ಬಂತು. ಗಿಡವನ್ನು ಮೂಸಿತು, ಮೂಗು ಮೇಲೆತ್ತಿ ನನ್ನ ಕಡೆ ಅಸಹ್ಯದಿಂದ ನೋಡಿತು, ಹೊರಟುಹೋಯಿತು.

ಅಂದಿನಿಂದ ಹನುಮವ್ವ ವಾರಕ್ಕೊಮ್ಮೆ ಬಕೆಟ್ ಹಿಡಿದು ಬರತೊಡಗಿದಳು. ಆ ಸೆಕೆಯಲ್ಲೂ ಕಿಟಕಿ ಮುಚ್ಚಿಕೊಂಡು ಕೂತಿರುತ್ತಿದ್ದೆವು. ಬಂದಾಗಲೆಲ್ಲ ಅವಳ ಸೀರೆ ಜಾಲಿಮುಳ್ಳಿಗೆ ಸಿಕ್ಕಿ ಹರಿಯುತ್ತಿತ್ತು. ಎರಡನೆಯ ಸೀರೆ ಹರಿದ ದಿನ ಗೌರಮ್ಮ ನನಗೆ ಕುಡುಗೋಲು ತಂದುಕೊಟ್ಟಳು. ಎರಡು ದಿನ ಬೆವರು ಸುರಿಸಿ ಒಟ್ಟಿದ ಬೇಲಿಯನ್ನು ಒಂದೇ ಮಧ್ಯಾಹ್ನದಲ್ಲಿ ಕಿತ್ತು ಹಾಕಿದೆ.

ಗಿಡ ಚಿಗುರಿ ಎರಡು ಮೊಗ್ಗು ಬಿಟ್ಟಿತು. ದಿನಾ ಸಂಜೆ ಗೌರಮ್ಮ ಅವನ್ನು ನೋಡಿ, ನಾಳೆ ಇರುತ್ತವೋ ಇಲ್ಲವೋ ಎಂದುಕೊಂಡು ಒಳಗೆ ಬರುತ್ತಿದ್ದಳು. ಒಂದು ಶುಕ್ರವಾರ ಮುಂಜಾನೆ ಮೊದಲನೆಯದು ಅರಳಿತು, ಕೆಂಪಗೆ, ಅಂಗೈಯಗಲ. ಅವಳು ಅದನ್ನು ಕಿತ್ತು ಎರಡೆರಡು ಸಲ ತೊಳೆದಳು. ನಾನು ದೇವರ ಮುಂದೆ ದೀಪ ಹಚ್ಚಿ ಕಾದೆ, ಕಾದೆ, ಅವಳು ಒಳಗೆ ಬರಲೇ ಇಲ್ಲ. ಹೊರಗೆ ಬಂದು ನೋಡಿದರೆ ಬಕೆಟ್ ಹಿಡಿದ ಹನುಮವ್ವನನ್ನು ನಿಲ್ಲಿಸಿಕೊಂಡು ಅವಳ ತುರುಬಿಗೆ ಹೂವು ಸಿಕ್ಕಿಸುತ್ತಿದ್ದಾಳೆ. ಮೊದಲ ಹೂವು, ದೇವರಿಗೆ ಇಡಿ ಅಕ್ಕಾ ಎಂದು ಹನುಮವ್ವ ಹಿಂದೆ ಸರಿಯುತ್ತಿದ್ದಳು. ಅವರ ಹಿಂದೆ ಬಟ್ಟಬಯಲಿನಲ್ಲಿ ಗಿಡ, ಅದರಲ್ಲಿ ಉಳಿದಿದ್ದದ್ದು ಒಂದೇ ಮೊಗ್ಗು.

"ಸುಮ್ನ ನಿಂದ್ರ ಬೇ," ಎಂದಳು ಗೌರಮ್ಮ. "ದೇವರಿಗೆ ನಾಳೆ ಅರಳೂದು ಐತಿ."