ಶರಣಪ್ಪನ ಗಿರಣಿಯ ಬೋರ್ಡು

ಸೇಡಂನಲ್ಲಿ ನಾನು ಪಾಠ ಹೇಳುವ ಶಾಲೆಯ ಗೋಡೆಗೆ ಈಚೆಗೆ ಬಣ್ಣ ಹಚ್ಚುತ್ತಿದ್ದರು. ಬಣ್ಣಕ್ಕೆ ಬೆರೆಸುವ ಟರ್ಪಂಟೈನ್ ವಾಸನೆ ಕಿಟಕಿಯಿಂದ ಒಳನುಗ್ಗಿತು. ಹಾಜರಿ ಕೂಗುತ್ತಿದ್ದವಳು ಅರ್ಧಕ್ಕೇ ನಿಂತೆ. ಆ ವಾಸನೆ ಬಂದರೆ ನನ್ನ ಮೂಗು ಅದರ ಹಿಂದೆಯೇ ಬೆಳ್ಳುಳ್ಳಿ ಒಗ್ಗರಣೆಯ ವಾಸನೆಯನ್ನೂ ಹುಡುಕುತ್ತದೆ. ಎರಡೂ ಒಟ್ಟಿಗೆ ಸಿಗುತ್ತಿದ್ದ ಮನೆ ಒಂದೇ ಒಂದು. ನಿಮಗೂ ಅಂಥದ್ದೊಂದು ಮನೆ ಇದ್ದಿರಬೇಕು, ಈಗ ಹೋಗಿ ಕದ ಬಡಿದರೆ ಗುರುತಿಲ್ಲದವರು ಬಂದು ತೆರೆಯುವಂಥದ್ದು. ನನ್ನ ಪಾಲಿಗೆ ಅದು ಶಹಾಬಾದಿನ ನಮ್ಮ ಓಣಿಯ ಕಡೆಯ ಮನೆ, ಪೇಂಟರ್ ಮೈನೋದ್ದೀನ್ ಚಾಚಾ ಅವರದು.

ನಾನು ಆರನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಚಾಚಾ ಇದ್ದಕ್ಕಿದ್ದಂತೆ ಓಣಿಯ ಮಕ್ಕಳಿಗೆ ಬೋರ್ಡು ಬರೆಯುವ ಕ್ಲಾಸು ತೆಗೆದರು. ಅಂಗಡಿಗಳ ನೆತ್ತಿ, ಲಾರಿಗಳ ಬೆನ್ನು, ಊರಲ್ಲಿ ಎಲ್ಲಿ ನೋಡಿದರೂ ಅವರದೇ ಅಕ್ಷರ. ಮಾತು ಮಾತ್ರ ಭಾಳ ಕಡಿಮೆ. ಬೇರೆಯವರು ಬೀಡಿ ಸಿಕ್ಕಿಸಿಕೊಳ್ಳುವ ಕಿವಿಯ ಸಂದಿಯಲ್ಲಿ ಅವರು ಬ್ರಷ್ ಸಿಕ್ಕಿಸಿಕೊಳ್ಳುತ್ತಿದ್ದರು, ಹಾಗಾಗಿ ಒಂದು ಕಿವಿ ಸದಾ ಯಾವುದೋ ಬಣ್ಣದ್ದಾಗಿರುತ್ತಿತ್ತು. ನಾವು ಐದು ಮಂದಿ. ಅವರ ಅಂಗಳಕ್ಕೆಲ್ಲ ನಮ್ಮೂರಿನ ಕಲ್ಲೇ ಹಾಸಿತ್ತು. ಅದೇ ನಮ್ಮ ಪಾಟಿ, ಕಲ್ಲಿಗೆ ಕಲ್ಲು ಕೂಡಿದ ಸಂದೇ ನಮ್ಮ ಗೆರೆ. ಮೊದಲ ವಾರ ಪೂರ್ತಿ ನಿಂತ ಗೆರೆ, ಮಲಗಿದ ಗೆರೆ, ಅಷ್ಟೇ. ಎರಡನೆಯ ವಾರ ಅಕ್ಷರ ಕೈಗೆ ಬಂದಾಗ ನಾವು ಹಸಿದವರ ಹಾಗೆ ಅದರ ಮೇಲೆ ಬಿದ್ದೆವು. ಎಲ್ಲವೂ ದೊಡ್ಡದು, ಎಲ್ಲವೂ ಕೆಂಪು, ಸುತ್ತ ಹೂಬಳ್ಳಿ, ನಾಲ್ಕು ಮೂಲೆಗೆ ನಾಲ್ಕು ನವಿಲು. ಚಾಚಾ ನನ್ನ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ತುಸುಹೊತ್ತು ನೋಡಿದರು. "ಎಲ್ಲಾರೂ ಒಮ್ಮೆಲೆ ಒದರಿದ್ರ ಯಾರ ಮಾತೂ ಕೇಳಸಲ್ಲ ಬೇಟಾ," ಎಂದರು. "ಒಂದಕ್ಕ ಒದರಲಿಕ್ಕ ಬಿಡು. ಉಳದದ್ದು ಮೆಲ್ಲಕ ಮಾತಾಡ್ಲಿ." ಆಮೇಲೆ ಒದ್ದೆ ಬಟ್ಟೆ ತಂದು ನನ್ನ ನಾಲ್ಕೂ ನವಿಲುಗಳನ್ನು ಒರೆಸಿಬಿಟ್ಟರು. ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ. ಅವರೂ ಹೆಚ್ಚು ಮಾತಾಡುವವರಲ್ಲದ್ದರಿಂದ ನನ್ನ ಸಿಟ್ಟು ಅವರಿಗೆ ಗೊತ್ತೇ ಆಗಲಿಲ್ಲ.

ಪರೀಕ್ಷೆ ಮಾಡುತ್ತಿದ್ದವರು ಅವರ ಹೆಂಡತಿ ಬಿಬಿಜಾನ್ ಚಾಚಿ. ಚಾಚಿಗೆ ಓದಲು ಬರೆಯಲು ಬರುತ್ತಿರಲಿಲ್ಲ, ಅದಕ್ಕೇ ಚಾಚಾ ಅವರನ್ನು ಕರೆಯುತ್ತಿದ್ದುದು. ಓದಬಲ್ಲವರು ಓದಿಬಿಡುತ್ತಾರೆ, ನೋಡುವುದಿಲ್ಲ ಎಂಬುದು ಅವರ ವಾದ. ಚಾಚಿ ಒಲೆಯ ಮುಂದಿನಿಂದ ಸೌಟು ಹಿಡಿದೇ ಎದ್ದು ಬಂದು, ಬಾಗಿಲಲ್ಲಿ ನಿಂತು, ಮೊದಲು ಕಣ್ಣಿಗೆ ಬಿದ್ದದ್ದು ಯಾವುದೆಂದು ಹೇಳುತ್ತಿದ್ದರು. ಒತ್ತಾಗಿ ಬರೆದರೆ, "ಏ, ಇವು ಬಸ್ಸಿನ್ಯಾಗ ನಿಂತಂಗ ನಿಂತಾವ. ಒಂದೆರಡು ಕೆಳಗ ಇಳಸು," ಎನ್ನುತ್ತಿದ್ದರು. ನಮ್ಮ ಶಾಲೆಯ ಯಾವ ಮಾಸ್ತರಿಗೂ ನಾವು ಆ ಸೌಟಿಗೆ ಹೆದರಿದಷ್ಟು ಹೆದರುತ್ತಿರಲಿಲ್ಲ.

ರಜೆ ಮುಗಿಯುತ್ತ ಬಂದಾಗ ಬಜಾರಿನ ಶರಣಪ್ಪ ಹೊಸ ಗಿರಣಿ ಹಾಕಿದರು. ಬೋರ್ಡಿಗೆ ಚಾಚಾ ಒಪ್ಪಿಕೊಂಡಿದ್ದರು. ತಗಡಿಗೆ ಬಿಳಿ ಬಣ್ಣ ಬಳಿದು ಒಣಗಿಸಿದ ಮಾರನೆಯ ದಿನವೇ ಅವರಿಗೆ ಚಳಿಜ್ವರ ಬಂತು. ಗಿರಣಿ ಶುರುವಾಗಲು ಎರಡೇ ದಿನ. ಚಾಚಾ ಕಂಬಳಿ ಹೊದ್ದು ನಡುಗುತ್ತಲೇ ಮೂರು ಸಾಲು ಗುರುತು ಹಾಕಿಕೊಟ್ಟರು. ಮೇಲಿನ ಮತ್ತು ಕೆಳಗಿನ ಸಾಲು ನಮ್ಮಲ್ಲಿ ದೊಡ್ಡವರಿಗೆ ಹೋದವು. ನಡುವಿನ ಸಾಲು ನನಗೆ: ಒಣಖಾರ, ಅರಿಶಿಣ. "ಬಣ್ಣ ನೋಡಿ ಹಚ್ಚು," ಎಂದಷ್ಟೇ ಹೇಳಿ ಅವರು ಮುಸುಕೆಳೆದುಕೊಂಡರು. ನಾನು ನೋಡಿಯೇ ಹಚ್ಚಿದೆ. ಅರಿಶಿಣ ಅಂದ ಮೇಲೆ ಹಳದಿಯಲ್ಲದೆ ಇನ್ನೇನು? ಕೆಂಪು ಆಗಲೇ ಮೇಲೂ ಕೆಳಗೂ ಇತ್ತು, ಹಾಗಾಗಿ ಖಾರಕ್ಕೂ ಅದನ್ನೇ ಬಳಿದೆ, ಅದೂ ಎಳೆ ಹಳದಿ. ಚಾಚಿ ಬಾಗಿಲಿಗೆ ಬಂದು ನೋಡಿ, "ಮ್ಯಾಲ ಕೆಂಪು, ಕೆಳಗ ಕೆಂಪು, ನಡಕ ಏನೂ ಇಲ್ಲ. ಆರಾಮ ಅದ," ಎಂದರು. ನಾವು ಕುಣಿದಾಡಿದೆವು. ಜಾಗ ಬಿಡಿರಿ, ಜಾಗ ಬಿಡಿರಿ ಎಂದು ಚಾಚಾ ಬಡಕೊಂಡದ್ದು ಕೊನೆಗೂ ನಮಗೆ ಬಂತೆಂದುಕೊಂಡೆವು.

ಬೋರ್ಡು ಏರಿದ ಮಧ್ಯಾಹ್ನವೇ ಶರಣಪ್ಪ ಧೋತರದ ಚುಂಗು ಹಿಡಿದು ಓಡುತ್ತ ಬಂದರು. "ಚಾಚಾ, ನಾ ನಿಮಗ ಏನ್ ಅನ್ಯಾಯ ಮಾಡೀನ್ರಿ? ಹಾದಿ ಮ್ಯಾಲ ಹೋಗೋರೆಲ್ಲಾ ನಿಂತು ಕೇಳ್ಲಿಕತ್ತಾರ, ಯಾವಾಗ ಕುಟ್ಟತಾರ ಶರಣಪ್ಪಾ, ನಾವೂ ಒಂದ್ ಕೈ ಹಚ್ಚತೀವಂತ!" ಚಾಚಾ ಕಂಬಳಿ ಸಮೇತ ಎದ್ದರು. ನಾವೆಲ್ಲ ಹಿಂದೆ ಹೊರಟೆವು. ಗಿರಣಿಯ ಎದುರು ರಸ್ತೆಯ ಈಚೆ ನನ್ನನ್ನು ನಿಲ್ಲಿಸಿ, "ಕಣ್ಣು ಸಣ್ಣ ಮಾಡಿ ನೋಡು," ಎಂದರು. ನೋಡಿದೆ. ಆ ಬಿಸಿಲಲ್ಲಿ ನನ್ನ ಹಳದಿ ಬಿಳಿಯೊಳಗೆ ಕರಗಿಹೋಗಿತ್ತು. ಮೇಲೆ ಕೆಂಪಾಗಿ 'ಶರಣಪ್ಪ'. ಕೆಳಗೆ ಅಷ್ಟೇ ಕೆಂಪಾಗಿ 'ಕುಟ್ಟಲಾಗುವುದು'.

ಉಳಿದ ನಾಲ್ವರು ಹೊಟ್ಟೆ ಹಿಡಿದುಕೊಂಡು ನಗುತ್ತ ಅಲ್ಲೇ ಕುಳಿತುಬಿಟ್ಟರು. ನನಗೆ ಅಳು. ಚಾಚಾ ಇಷ್ಟು ವರ್ಷ ಬರೆದ ಬೋರ್ಡುಗಳೆಲ್ಲ ನನ್ನೊಬ್ಬಳಿಂದ ಕೆಳಗಿಳಿಯುತ್ತವೆ, ಇನ್ನು ಅವರನ್ನು ಯಾರೂ ಕರೆಯುವುದಿಲ್ಲ ಎಂದುಕೊಂಡೆ. ಯಾರು ಬರೆದದ್ದು ಇದು ಎಂದು ಶರಣಪ್ಪ ಕೇಳುತ್ತಲೇ ಇದ್ದರು. "ಕೆಳಗ ಮೂಲ್ಯಾಗ ನನ್ನ ಹೆಸರದ ನೋಡ್ರಿ. ತಪ್ಪೂ ನಂದೇ," ಎಂದರು ಚಾಚಾ. ಆಮೇಲೆ ಕಪ್ಪು ಬಣ್ಣದ ಡಬ್ಬಿ ತರಿಸಿ, ಬ್ರಷ್ ತಾವು ಹಿಡಿಯದೆ ನನ್ನ ಕೈಗೆ ಕೊಟ್ಟರು. ಶರಣಪ್ಪ ಬಾಯಿ ತೆರೆದರು. ಚಾಚಾ ಅವರತ್ತ ನೋಡಿದ ರೀತಿಗೆ ಮುಚ್ಚಿಕೊಂಡರು. ನಾನು ಏಣಿ ಏರಿದೆ. ಕೆಳಗಿನಿಂದ ಅವರ ದನಿ, "ಉಸಿರು ಹಿಡದು ಗೆರಿ ಎಳಿ. ಗೆರಿ ಮುಗದ ಮ್ಯಾಲ ಬಿಡು." ಹಾಗೇ ಹಿಡಿದು ಬಿಡುತ್ತ ಎಂಟು ಅಕ್ಷರ ಮುಗಿಸಿ ಇಳಿದಾಗ ಅಂಗಿಯೆಲ್ಲ ಕಪ್ಪಾಗಿತ್ತು. ಆದರೆ ಖಾರವೂ ಅರಿಶಿಣವೂ ರಸ್ತೆಯಾಚೆಗೂ ಕಾಣುತ್ತಿದ್ದವು. ಮನೆಯಲ್ಲಿ ಸುದ್ದಿ ಕೇಳಿದ ಚಾಚಿ ಸೌಟಿನಿಂದ ಹಣೆ ಬಡಿದುಕೊಂಡರು: "ನಡಕ ಏನೂ ಇಲ್ಲಂತ ನಾ ಹೇಳಿದ್ನಲ್ಲಾ!" ಬೋರ್ಡು ನೋಡಲೆಂದೇ ಬಂದ ಮಂದಿಯಿಂದ ಗಿರಣಿ ಆ ವಾರ ಗಿಜಿಗುಡುತ್ತಿತ್ತು. ಮೊದಲಿನದೇ ಇರಲಿ ಎನ್ನಬೇಕಿತ್ತೇನೋ ಎಂದು ಶರಣಪ್ಪ ಆಮೇಲೆ ಯಾರ ಹತ್ತಿರವೋ ಹೇಳಿದರಂತೆ.

ಕ್ಲಾಸು ಮರುವರ್ಷವೂ ನಡೆಯಿತು, ಅದರ ಮರುವರ್ಷವೂ. ನಂತರ ನಾವು ದೊಡ್ಡವರಾದೆವು. ಬೋರ್ಡುಗಳನ್ನು ಯಂತ್ರ ಬರೆಯತೊಡಗಿತು, ಚಾಚಾನ ಅಕ್ಷರಗಳು ಒಂದೊಂದಾಗಿ ಊರಿನ ಗೋಡೆ ಬಿಟ್ಟವು. ಒಂದು ಮಳೆಗಾಲದಲ್ಲಿ ಚಾಚಾನೂ ಹೋದರು. ಮನೆ ಮಾರಿ ಚಾಚಿ ವಾಡಿಯಲ್ಲಿದ್ದ ಮಗಳ ಮನೆ ಸೇರಿದರು.

ಅಲ್ಲಿಗೆ ನಾನು ಹೋದದ್ದು ಭಾಳ ತಡವಾಗಿ. ಮಗಳು, ಅಳಿಯ ಕೆಲಸಕ್ಕೆ ಹೋಗಿದ್ದರು. ಚಾಚಿ ನನ್ನನ್ನು ಗುರುತಿಸಲು ಹೊತ್ತು ಹಿಡಿಯಿತು, ಗುರುತಾದ ಮೇಲೆ ಊಟಕ್ಕೆ ಕೂಡಿಸಲು ಹೊತ್ತು ಹಿಡಿಯಲಿಲ್ಲ. ಚಾಚಾ ಎಷ್ಟು ತಾಳ್ಮೆಯಿಂದ ಕಲಿಸಿದರು ಎಂದು ನಾನು ಉಣ್ಣುತ್ತ ನೆನೆದರೆ ಚಾಚಿ ಕೈ ಬೀಸಿದರು. "ಅವರಿಗಿ ಎಲ್ಲಿ ಮನಸಿತ್ತವ್ವಾ ಕಲಸಲಿಕ್ಕ. ನಾನೇ ಜಗಳಾಡಿ ಹಚ್ಚಿಸಿದ್ದೆ. ಆ ವರ್ಷ ಮಗಳು ಲಗ್ನ ಆಗಿ ಹ್ವಾದಳು. ಮನಿ ಭಣಭಣ ಅಂತಿತ್ತು. ಅವರು ಮಾತೇ ಆಡಲ್ಲ, ನಾ ಗ್ವಾಡಿ ಕೂಡ ಮಾತಾಡ್ಲೇನು? ಹುಡುಗರು ಬಂದು ಗದ್ದಲ ಮಾಡ್ಲಿ ಅಂದೆ."

ಊಟ ಮುಗಿಸಿ, ರೈಲಿನ ಹೊತ್ತಾಯಿತೆಂದು ಎದ್ದೆ. ಚಾಚಿ ನನ್ನ ಕೈ ಬಿಡಲಿಲ್ಲ. "ಇನ್ನೊಂದೀಟು ಇರು, ಕಸ್ತೂರಿ. ಮಾತು ಬ್ಯಾಡಾದ್ರ ಬ್ಯಾಡ."

ನಾನು ಚೀಲ ಕೆಳಗಿಟ್ಟೆ. ಅಡುಗೆಮನೆಗೆ ಹೋಗಿ ಉಂಡ ತಟ್ಟೆ, ಬೋಗುಣಿ, ಚರಿಗೆ ಎಲ್ಲ ಎಳೆದುಕೊಂಡು ತೊಳೆಯಲು ಕುಳಿತೆ, ಒಂದಕ್ಕೊಂದು ಬಡಿಯುವಂತೆ, ಬೇಕೆಂದೇ ಸದ್ದು ಮಾಡುತ್ತ. ಹೊರಗೆ ಚಾಚಿ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಕೇಳುತ್ತ ಕುಳಿತಿದ್ದರು.